ಕಡಲ ಕಲಿಯ ಮೊಮ್ಮಕ್ಕಳು

ನಮ್ಮ ಮನೆಯ ಪಡಸಾಲೆಯ ಗೂಡಿನಲ್ಲಿ ಒಂದು ಮರ್ಫಿ ರೇಡಿಯೊ ಇತ್ತು. ಅದರ ನೆತ್ತಿಯ ಮೇಲೆ ಅವ್ವ ಕಸೂತಿ ಹಾಕಿದ ಬಿಳಿ ಬಟ್ಟೆ, ಪಕ್ಕದ ಗೋಡೆಯಲ್ಲಿ ತುಟಿಯ ಬಳಿ ಬೆರಳಿಟ್ಟುಕೊಂಡು ನೋಡುವ ಮಗುವಿನ ಚಿತ್ರದ ಕ್ಯಾಲೆಂಡರು. ಸಂಜೆ ವಾರ್ತೆಯ ಹೊತ್ತಿಗೆ ಓಣಿಯ ನಾಲ್ಕಾರು ಜನ ಕಟ್ಟೆಗೆ ಬಂದು ಕೂರುತ್ತಿದ್ದರು. ಇಂಗ್ಲಿಷ್ ಅಕ್ಷರ ಕಲಿಯುತ್ತಿದ್ದ ವಯಸ್ಸಿನಲ್ಲಿ ನಾನು ಆ ಪೆಟ್ಟಿಗೆಯ ಮೇಲಿದ್ದ ಆರು ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದೆ. ನಡುವಿನ ‘ಪಿ’ ಮತ್ತು ‘ಎಚ್’ ಸೇರಿ ‘ಫ’ ಯಾಕಾಗಬೇಕು ಎಂಬುದು ಮಾತ್ರ ಬಗೆಹರಿಯಲಿಲ್ಲ. ಅಪ್ಪನನ್ನು ಕೇಳಿದೆ. “ಅದು ಅವರ ಹೆಸರೋ ತಮ್ಮಾ. ತಮ್ಮ ಹೆಸರ ಅವರು ಹ್ಯಾಂಗ ಬರದರ ಹಾಂಗ” ಅಂದಿದ್ದ.

ಆಮೇಲೆ ಆ ಹೆಸರು ಬೇರೆ ಬೇರೆ ಕಡೆ ಎದುರಾಗುತ್ತಲೇ ಹೋಯಿತು. ಬೆಂಗಳೂರಿನಲ್ಲಿ ಹಲಸೂರಿನ ಪಕ್ಕಕ್ಕೆ ಮರ್ಫಿ ಟೌನ್ ಇದೆ. ಹಿಂದೆ ನಾಕ್ಸ್‌ಪೇಟೆ ಎನಿಸಿಕೊಂಡಿದ್ದ ಆ ಬಡಾವಣೆಗೆ ದಂಡು ಪ್ರದೇಶದ ಎಂಜಿನಿಯರ್ ಆಗಿದ್ದ ಒಬ್ಬ ಮರ್ಫಿಯ ಹೆಸರು ಬಂತು. ಕಾಲೇಜಿನಲ್ಲಿ ‘ಮರ್ಫಿ ನಿಯಮ’ ಕಿವಿಗೆ ಬಿತ್ತು. ಕೆಡಬಹುದಾದದ್ದು ಕೆಟ್ಟೇ ಕೆಡುತ್ತದೆ ಎನ್ನುವ ಆ ಮಾತು 1949ರಲ್ಲಿ ಅಮೆರಿಕದ ವಾಯುಪಡೆಯ ಒಂದು ಪ್ರಯೋಗದಲ್ಲಿ ಅಳತೆಯ ತಂತಿಗಳು ತಪ್ಪಾಗಿ ಜೋಡಣೆಯಾದಾಗ ಎಡ್ವರ್ಡ್ ಮರ್ಫಿ ಎಂಬ ಎಂಜಿನಿಯರನ ಹೆಸರಿಗೆ ಅಂಟಿಕೊಂಡದ್ದು. 2012ರ ಹಿಂದಿ ಸಿನಿಮಾ ‘ಬರ್ಫಿ’ಯ ನಾಯಕನ ನಿಜವಾದ ಹೆಸರೂ ಮರ್ಫಿಯೇ. ಕಿವಿ ಕೇಳದ, ಮಾತು ಬಾರದ ಆ ಹುಡುಗನ ನಾಲಿಗೆಯಲ್ಲಿ ಅದು ಬರ್ಫಿ ಆಗುತ್ತದೆ. 2024ರಲ್ಲಿ ಆಸ್ಕರ್ ಪಡೆದ ಕಿಲಿಯನ್ ಮರ್ಫಿ ಐರ್ಲೆಂಡಿನ ಕಾರ್ಕ್ ಪಟ್ಟಣದವರು. ರೇಡಿಯೊ ಕಂಪನಿಯೋ, 1929ರಲ್ಲಿ ಇಂಗ್ಲೆಂಡಿನ ವೆಲ್ವಿನ್ ಗಾರ್ಡನ್ ಸಿಟಿಯಲ್ಲಿ ಇ.ಜೆ. ಪವರ್ ಜೊತೆ ಸೇರಿ ಫ್ರಾಂಕ್ ಮರ್ಫಿ ಎಂಬವರು ಕಟ್ಟಿದ್ದು.

ಇಷ್ಟು ಜನರನ್ನು ಒಂದೇ ದಾರದಲ್ಲಿ ಪೋಣಿಸಿದ ಈ ಹೆಸರು ಐರ್ಲೆಂಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಮನೆಗಳಲ್ಲಿರುವ ಅಡ್ಡಹೆಸರು. ಅದರ ಬೆನ್ನು ಹತ್ತಿ ಹೋದಾಗ ಅಪ್ಪನ ಮಾತಿನ ಒಂದು ತುದಿ ಸಡಿಲವಾಯಿತು. ಹೆಸರು ಅವರದೇ, ಅನುಮಾನವಿಲ್ಲ. ಹಾಗೆ ಬರೆದವರು ಮಾತ್ರ ಅವರಲ್ಲ.

ಮೊದಲು ಅರ್ಥ ನೋಡೋಣ. ಐರಿಷ್ ಭಾಷೆಯಲ್ಲಿ ‘ಮುಇರ್’ ಎಂದರೆ ಸಮುದ್ರ. ಲ್ಯಾಟಿನ್ನಿನ ‘ಮಾರೆ’ಗೆ ಸೋದರ ಶಬ್ದ. ‘ಕಾಥ್’ ಎಂದರೆ ಕಾಳಗ. ಇದನ್ನು ಸಂಸ್ಕೃತದ ‘ಶತ್ರು’ವಿನ ಬೇರಿಗೆ ಜೋಡಿಸುವ ಭಾಷಾಶಾಸ್ತ್ರಜ್ಞರಿದ್ದಾರೆ. ಎರಡೂ ಕೂಡಿ ‘ಮುರಖದ್’ ಎಂಬ ಗಂಡು ಹೆಸರಾಯಿತು. ಕಡಲಿನಲ್ಲಿ ಕಾದುವವನು, ಕಡಲ ಕಲಿ ಎಂದರ್ಥ. ಇಲ್ಲಿ ನಾನು ‘ಖ’ ಎಂದು ಬರೆದದ್ದು ನಮ್ಮ ಮಹಾಪ್ರಾಣವಲ್ಲ. ಉರ್ದು ಬಲ್ಲವರು ‘ಖಬರ್’ ಎನ್ನುವಾಗ ಗಂಟಲಿನಿಂದ ಉಜ್ಜಿ ತರುತ್ತಾರಲ್ಲ, ಆ ಖಕಾರ. ಕೊನೆಯ ದಕಾರ ಇಂಗ್ಲಿಷಿನ ‘ದಿಸ್, ದಟ್’ಗಳದ್ದರಂತೆ ಮೆತ್ತಗಿತ್ತು, ಶತಮಾನಗಳ ಬಳಕೆಯಲ್ಲಿ ಸವೆದು ಮಾಯವಾಯಿತು. ಮಧ್ಯಯುಗದ ಐರ್ಲೆಂಡಿನಲ್ಲಿ ಮುರಖದ್ ಎಂಬುದು ಅರಸುಮನೆತನಗಳ ಮೆಚ್ಚಿನ ಹೆಸರು. ಆ ದೇಶದ ಅತಿ ಪ್ರಸಿದ್ಧ ರಾಜ ಬ್ರಿಯಾನ್ ಬೊರೂ 1014ರ ಕ್ಲಾಂಟಾರ್ಫ್ ಕದನದಲ್ಲಿ ಮಡಿದಾಗ ಅದೇ ಕಣದಲ್ಲಿ ಬಿದ್ದ ಅವನ ಮಗನ ಹೆಸರೂ ಮುರಖದ್.

ಒಬ್ಬ ಮನುಷ್ಯನ ಹೆಸರು ಒಂದು ಮನೆತನದ ಹೆಸರಾದದ್ದು ಹೇಗೆ? ಬಹಳ ಕಾಲ ಅಲ್ಲಿ ಅಡ್ಡಹೆಸರು ಎಂಬುದೇ ಇರಲಿಲ್ಲ. ಇಂಥವನ ಮಗ ಇಂಥವನು ಎಂದರೆ ಆಯಿತು. ‘ಮಾಕ್’ ಎಂದರೆ ಮಗ, ‘ಉಅ’ ಎಂದರೆ ಮೊಮ್ಮಗ. ನಾಲ್ಕು, ಐದು, ಆರನೆಯ ಶತಮಾನಗಳಲ್ಲಿ ಕಲ್ಲಿನ ಅಂಚಿನ ಮೇಲೆ ಗೀಟು ಕೊರೆದು ಬರೆದ ಓಗಮ್ ಲಿಪಿಯ ಶಾಸನಗಳಲ್ಲೂ ‘ಇಂಥವನ ಮಗ ಇಂಥವನ ಕಲ್ಲು’ ಎಂಬ ಒಕ್ಕಣೆಯೇ ಮತ್ತೆ ಮತ್ತೆ ಬರುತ್ತದೆ. ತಲೆಮಾರು ಬದಲಾದಂತೆ ತಂದೆಯ ಹೆಸರೂ ಬದಲಾಗುತ್ತಿತ್ತು. ಹತ್ತನೆಯ ಶತಮಾನದ ಹೊತ್ತಿಗೆ ಈ ಹರಿವು ಒಂದೊಂದು ಮನೆಯಲ್ಲಿ ಒಬ್ಬೊಬ್ಬ ಪೂರ್ವಜನ ಬಳಿ ನಿಲ್ಲತೊಡಗಿತು. ಹೆಸರಾಂತ ಅಜ್ಜನೊಬ್ಬನ ಮೊಮ್ಮಕ್ಕಳು ‘ಉಅ’ ಎಂದು ಅವನ ಹೆಸರು ಹೇಳಿಕೊಂಡರು. ಮರಿಮಕ್ಕಳು, ಗಿರಿಮಕ್ಕಳು ಅದನ್ನು ಬದಲಿಸದೆ ಉಳಿಸಿಕೊಂಡರು. ‘ಮೊಮ್ಮಗ’ ಎಂಬ ಶಬ್ದದ ಅರ್ಥ ಹಿಗ್ಗಿ ‘ವಂಶದವನು’ ಎಂದಾಯಿತು. ಉಅ ಸವೆದು ‘ಓ’ ಆಯಿತು. 916ರಲ್ಲಿ ತೀರಿಕೊಂಡ ಉಅ ಕ್ಲೇರಿ ವಂಶದ ಒಬ್ಬ ದೊರೆಯ ಹೆಸರು ಐರಿಷ್ ವಾರ್ಷಿಕ ದಾಖಲೆಗಳಲ್ಲಿ ಸಿಗುವ ಇಂಥ ಮೊದಲ ಅಡ್ಡಹೆಸರುಗಳಲ್ಲೊಂದು. ಯುರೋಪಿನಲ್ಲಿ ವಂಶದಿಂದ ವಂಶಕ್ಕೆ ಇಳಿಯುವ ಅಡ್ಡಹೆಸರುಗಳು ಇಷ್ಟು ಬೇಗ ನೆಲೆಗೊಂಡ ನಾಡುಗಳು ಕಡಿಮೆ.

ನಮ್ಮ ಬೆಳಗಾವಿ, ಧಾರವಾಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿದ್ದಣ್ಣನವರ, ಯಲ್ಲಪ್ಪನವರ, ಬಸಪ್ಪನವರ ಎಂಬ ಅಡ್ಡಹೆಸರುಗಳಲ್ಲಿ ನಡೆದಿರುವುದೂ ಇದೇ. ಎಂದೋ ಬಾಳಿದ ಒಬ್ಬ ಸಿದ್ದಣ್ಣ. ಅವನ ಮುಖ ಈಗ ಯಾರಿಗೂ ನೆನಪಿಲ್ಲ. ಆದರೆ ಮನೆಯ ಮಂದಿಯೆಲ್ಲ ಇವತ್ತಿಗೂ ‘ಸಿದ್ದಣ್ಣನವರೇ’. ‘ಉಅ ಮುರಖದ’ ಎಂದರೆ ಮುರಖದ್‌ನವರ. ‘ಮಾಕ್ ಮುರಖದ’ ಎಂದರೆ ಮುರಖದ್‌ನ ಮಕ್ಕಳು.

ಹರಿಯುತ್ತಿದ್ದ ಹೆಸರು ಹೆಪ್ಪುಗಟ್ಟುವ ಗಳಿಗೆಯನ್ನು ಒಂದು ರಾಜವಂಶದಲ್ಲಿ ಸ್ಪಷ್ಟವಾಗಿ ಕಾಣಬಹುದು. ಐರ್ಲೆಂಡಿನ ಆಗ್ನೇಯ ಮೂಲೆಯಲ್ಲಿ, ಇಂದಿನ ವೆಕ್ಸ್‌ಫರ್ಡ್ ಸೀಮೆಯ ಫರ್ನ್ಸ್ ಎಂಬಲ್ಲಿಂದ ಲೆನ್‌ಸ್ಟರ್ ರಾಜ್ಯವನ್ನು ಆಳಿದವನು ಡಿಯರ್ಮಿಡ್ ಮಾಕ್ ಮೈಲ್ ನ ಮೋ, 1072ರಲ್ಲಿ ಸತ್ತ. ಅವನ ಹೆಸರಿನ ಜೊತೆಗಿರುವುದು ಅವನ ತಂದೆಯ ಉಪನಾಮ, ಅಷ್ಟೇ. ಅವನ ಮಗ ಮುರಖದ್. ಡಬ್ಲಿನ್ ಪಟ್ಟಣವನ್ನು ತಂದೆಯ ಪರವಾಗಿ ಆಳಿ, ತಂದೆಗಿಂತ ಎರಡು ವರ್ಷ ಮೊದಲು, 1070ರಲ್ಲಿ ತೀರಿಕೊಂಡ. ಮುರಖದ್‌ನ ಮಗ ಡೊನ್ನಖದ್. ಅವನು ಮಾಕ್ ಮುರಖದ ಎನಿಸಿಕೊಂಡದ್ದು ಸಹಜ. ಆದರೆ ಡೊನ್ನಖದ್‌ನ ಮಗ ಇನ್ನೊಬ್ಬ ಡಿಯರ್ಮಿಡ್ ಹುಟ್ಟಿದಾಗ ಅವನು ‘ಮಾಕ್ ಡೊನ್ನಖದ’ ಆಗಲಿಲ್ಲ. ಅವನನ್ನೂ ಚರಿತ್ರೆ ಡಿಯರ್ಮಿಡ್ ಮಾಕ್ ಮುರಖದ ಎಂದೇ ಕರೆಯಿತು. ಅಜ್ಜನ ಹೆಸರು ಅಲ್ಲಿ ನಿಂತುಬಿಟ್ಟಿತು. ‘ಮಗ’ ಎಂಬ ಶಬ್ದ ತನ್ನ ನೇರ ಅರ್ಥ ಬಿಟ್ಟು ಮನೆತನದ ಗುರುತಾಯಿತು.

ಇಂಗ್ಲಿಷ್ ಪುಸ್ತಕಗಳು ಡರ್ಮಟ್ ಮ್ಯಾಕ್‌ಮರೋ ಎಂದು ಬರೆಯುವುದು ಈ ಮೊಮ್ಮಗ ಡಿಯರ್ಮಿಡ್‌ನನ್ನೇ. ಐರಿಷ್ ಜನರ ನೆನಪಿನಲ್ಲಿ ಇಷ್ಟು ಕಹಿಯಾಗಿ ಉಳಿದ ಹೆಸರುಗಳು ಕಡಿಮೆ. 1166ರಲ್ಲಿ ಎದುರಾಳಿ ದೊರೆಗಳೆಲ್ಲ ಕೂಡಿ ಅವನನ್ನು ರಾಜ್ಯದಿಂದ ಹೊರದಬ್ಬಿದರು. ಅವನು ಕಡಲು ದಾಟಿ ಇಂಗ್ಲೆಂಡಿನ ರಾಜ ಎರಡನೇ ಹೆನ್ರಿಯ ಬೆಂಬಲ ಬೇಡಿದ. 1169ರಲ್ಲಿ ನಾರ್ಮನ್ ಸೈನಿಕರು ವೆಕ್ಸ್‌ಫರ್ಡಿನ ಬ್ಯಾನೋ ಕೊಲ್ಲಿಯಲ್ಲಿ ಇಳಿದರು. ಮರುವರ್ಷ ಸ್ಟ್ರಾಂಗ್‌ಬೋ ಎಂದು ಹೆಸರಾದ ರಿಚರ್ಡ್ ಡಿ ಕ್ಲೇರ್ ಬಂದ. ಡಿಯರ್ಮಿಡ್ ತನ್ನ ಮಗಳು ಈಫಾಳನ್ನು ವಾಟರ್‌ಫರ್ಡಿನಲ್ಲಿ ಅವನಿಗೆ ಮದುವೆ ಮಾಡಿಕೊಟ್ಟ. ಉರಿಯುವ ಊರು, ಹೆಣಗಳ ರಾಶಿಯ ನಡುವೆ ಆ ಮದುವೆ ನಡೆದಂತೆ ಡೇನಿಯಲ್ ಮ್ಯಾಕ್ಲೀಸ್ ಬರೆದ ದೊಡ್ಡ ಚಿತ್ರ ಡಬ್ಲಿನ್ನಿನ ರಾಷ್ಟ್ರೀಯ ಚಿತ್ರಶಾಲೆಯಲ್ಲಿದೆ. 1171ರಲ್ಲಿ ಡಿಯರ್ಮಿಡ್ ಸತ್ತ. ಅದೇ ವರ್ಷ ಹೆನ್ರಿ ತಾನೇ ಬಂದಿಳಿದ. ಇಂಗ್ಲೆಂಡಿನ ಅಧಿಕಾರ ಐರ್ಲೆಂಡಿನ ನೆಲದಲ್ಲಿ ಬೇರು ಬಿಟ್ಟದ್ದು ಹೀಗೆ. ಕಡಲ ಕಲಿಯ ಹೆಸರು ಹೊತ್ತವನೇ ಕಡಲಾಚೆಯವರನ್ನು ಕರೆತಂದ. ಮುಂದೆ ಆ ಹೆಸರಿನ ಅಕ್ಷರಗಳನ್ನು ಕಲಸಿದ್ದೂ ಹಾಗೆ ಬಂದ ಭಾಷೆಯೇ.

ಹಾಗೆಂದು ಇವತ್ತಿನ ಮರ್ಫಿಗಳೆಲ್ಲ ಡಿಯರ್ಮಿಡ್‌ನ ಸಂತಾನ ಎಂದು ತಿಳಿಯಬಾರದು. ಅವನ ಮಗ ಡೊನಾಲ್ ತಾನು ಬೆಳೆದ ಮಠದ ಸಂತನ ಹೆಸರಿನಿಂದ ‘ಕಾವಾನಾ’ ಎಂಬ ಗುರುತು ಪಡೆದ; ಇನ್ನೊಬ್ಬ ಮಗನಿಂದ ‘ಕಿನ್ಸೆಲಾ’ ಮನೆತನ ಬಂತು. ವೆಕ್ಸ್‌ಫರ್ಡಿನ ಮರ್ಫಿಗಳು ಓ ಮುರಖದ ಎಂಬ ಬೇರೆ ಕವಲು. ಬಾಲಾಕೀನ್ ಹೋಬಳಿಯ ಕರಾವಳಿ ಅವರ ನೆಲೆ. ಆ ಸೀಮೆಗೆ ಹಿಂದೆ ಅವರ ಹೆಸರೇ ಇತ್ತು. ಅಲ್ಲಿನ ಮಾರಿಸ್‌ಕಾಸಲ್ ಎಂಬ ಕಡಲದಂಡೆಯ ಊರಿನ ಐರಿಷ್ ಹೆಸರಿಗೆ ‘ಓ ಮುರಖೂನವರ ಕೋಟೆ’ ಎಂದೇ ಅರ್ಥ; ದಕಾರ ಸವೆದ ‘ಮುರಖದ’ವೇ ಈ ‘ಮುರಖೂ’. ಉತ್ತರದ ಅಲ್‌ಸ್ಟರ್ ಪ್ರಾಂತ್ಯದ ಮರ್ಫಿಗಳಲ್ಲಿ ಬಹಳ ಮಂದಿ ಟೈರೋನ್ ಕಡೆಯ ಮಾಕ್ ಮುರಖದ ಎಂಬ ಮತ್ತೊಂದೇ ಕುಲದವರು. ಪಶ್ಚಿಮದಲ್ಲಿ ಇನ್ನೊಂದು ಮನೆ. ಬೇರೆ ಬೇರೆ ಸೀಮೆಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಮುರಖದ್ ಎಂಬ ಹೆಸರಿನ ಬೇರೆ ಬೇರೆ ಅಜ್ಜಂದಿರಿದ್ದರು. ಎಲ್ಲ ಬಸಪ್ಪನವರರಿಗೂ ಒಬ್ಬನೇ ಬಸಪ್ಪ ಮೂಲಪುರುಷನಲ್ಲವಲ್ಲ, ಹಾಗೆ. ‘ಓ’ ಯಾವುದು, ‘ಮಾಕ್’ ಯಾವುದು ಎಂಬ ಗೆರೆ ಇರುವ ತನಕ ಈ ಭೇದ ತಿಳಿಯುತ್ತಿತ್ತು. ಇಂಗ್ಲಿಷಿನಲ್ಲಿ ಎಲ್ಲರೂ ಬರೀ ‘ಮರ್ಫಿ’ ಆದ ಮೇಲೆ ಆ ಗೆರೆ ಅಳಿಸಿಹೋಯಿತು.

ಅಳಿಸಿದ್ದು ಅದೊಂದೇ ಅಲ್ಲ. ಐರಿಷ್‌ನಲ್ಲಿ ಒಂದೇ ಮನೆಯ ಗಂಡು, ಮಗಳು, ಸೊಸೆಯ ಅಡ್ಡಹೆಸರುಗಳು ಒಂದೇ ರೀತಿ ಇರುವುದಿಲ್ಲ. ಗಂಡಸು ‘ಓ ಮುರಖೂ’. ಅವನ ಮಗಳು ‘ನೀ ವುರಖೂ’. ‘ನೀ’ ಎಂಬುದು ‘ಮೊಮ್ಮಗನ ಮಗಳು’ ಎಂಬ ಅರ್ಥದ ಎರಡು ಶಬ್ದಗಳ ಮೊಟಕು. ಅವನ ಹೆಂಡತಿ ‘ಈ ವುರಖೂ’. ಮಕಾರ ವಕಾರವಾಯಿತೇಕೆ ಎಂದು ಇಂಗ್ಲಿಷಿನವರಿಗೆ ಅಚ್ಚರಿ. ಹಳಗನ್ನಡ ಓದಿದವರಿಗೆ ಅಚ್ಚರಿಯಿಲ್ಲ. ಮೆಲ್ ಮತ್ತು ಮಾತು ಸೇರಿ ನಮ್ಮಲ್ಲಿ ‘ಮೆಲ್ವಾತು’ ಆಗುತ್ತದೆ, ನೀರ್ ಮತ್ತು ಪೊನಲ್ ಸೇರಿ ‘ನೀರ್ವೊನಲ್’. ಮೇಷ್ಟರು ಕಪ್ಪುಹಲಗೆಯ ಮೇಲೆ ಬರೆಸಿದ ಆದೇಶ ಸಂಧಿಯ ಹಾಗೆ, ಐರಿಷ್‌ನಲ್ಲೂ ಹಿಂದಿನ ಶಬ್ದದ ಒತ್ತಾಸೆಯಿಂದ ಮುಂದಿನ ಶಬ್ದದ ಮೊದಲ ವ್ಯಂಜನ ಮೆತ್ತಗಾಗುತ್ತದೆ. ಎರಡು ಭಾಷೆಗಳ ನಿಯಮ ಬೇರೆ, ಕಿವಿಯ ಒಲವು ಒಂದೇ. ಹೆಸರು ಕೇಳಿದೊಡನೆ ಇವಳು ಆ ಮನೆಯ ಮಗಳು, ಇವಳು ಸೊಸೆ ಎಂದು ತಿಳಿಸುತ್ತಿದ್ದ ವ್ಯವಸ್ಥೆ ಅದು. ‘ಮರ್ಫಿ’ಯಲ್ಲಿ ಗಂಡ, ಹೆಂಡತಿ, ಮಗಳು ಎಲ್ಲರೂ ಒಂದೇ.

ಇನ್ನು ಆ ‘ಫ’ದ ವಿಚಾರ. 1465ರಲ್ಲಿ ಐರ್ಲೆಂಡಿನ ಇಂಗ್ಲಿಷ್ ಆಡಳಿತ ಒಂದು ಕಾಯ್ದೆ ಮಾಡಿತು. ಡಬ್ಲಿನ್, ಮೀಥ್, ಲೌಥ್, ಕಿಲ್ಡೇರ್ ಸೀಮೆಗಳಲ್ಲಿ ಇಂಗ್ಲಿಷರ ನಡುವೆ ಬದುಕುವ ಐರಿಷ್ ಗಂಡಸರು ಇಂಗ್ಲಿಷರಂತೆ ಉಡಬೇಕು, ಮೀಸೆ ಬೋಳಿಸಬೇಕು, ಇಂಗ್ಲಿಷ್ ಅಡ್ಡಹೆಸರು ಇಟ್ಟುಕೊಳ್ಳಬೇಕು. ಯಾವ ಹೆಸರು ಎಂಬುದಕ್ಕೂ ಪಟ್ಟಿ ಇತ್ತು: ಒಂದು ಊರಿನ ಹೆಸರು, ಇಲ್ಲವೇ ಬಿಳಿ, ಕಪ್ಪು, ಕಂದು ಎಂಬಂಥ ಬಣ್ಣದ ಹೆಸರು, ಇಲ್ಲವೇ ಕಮ್ಮಾರ, ಬಡಗಿ, ಅಡುಗೆಯವ ಎಂಬಂಥ ಕಸುಬಿನ ಹೆಸರು. ಆ ಕಾಯ್ದೆಯ ಕೈ ನಾಲ್ಕು ಸೀಮೆಯ ಆಚೆಗೆ ಚಾಚಲಿಲ್ಲ. ಹೆಸರುಗಳನ್ನು ನಿಜವಾಗಿ ಬದಲಿಸಿದ್ದು ಕಾಯ್ದೆಗಿಂತ ಹೆಚ್ಚಾಗಿ ಗುಮಾಸ್ತನ ಲೇಖನಿ. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಭೂಮಿಯ ಕಾಗದ, ತೆರಿಗೆಯ ಪಟ್ಟಿ, ನ್ಯಾಯಾಲಯದ ಕಡತ ಎಲ್ಲವೂ ಇಂಗ್ಲಿಷಿಗೆ ತಿರುಗಿದವು. ಐರಿಷ್ ರೈತ ತನ್ನ ಹೆಸರು ಹೇಳುತ್ತಾನೆ. ಐರಿಷ್ ತಿಳಿಯದ ಗುಮಾಸ್ತ ತನ್ನ ಕಿವಿಗೆ ಬಿದ್ದಷ್ಟನ್ನು ತನ್ನ ಭಾಷೆಯ ಅಕ್ಷರದಲ್ಲಿ ಗೀಚುತ್ತಾನೆ. ಮೊರೊಹೋ, ಮೊರೋ, ಮರೋ, ಮರ್ಫಿ ಎಂದು ಒಂದೇ ಹೆಸರು ಹತ್ತು ಬಗೆಯಾಯಿತು.

ಗಂಟಲಿನ ಆ ಖಕಾರ ಇಂಗ್ಲಿಷಿನಲ್ಲೂ ಒಂದು ಕಾಲಕ್ಕೆ ಇತ್ತು. ‘ಲಾಫ್’, ‘ಕಾಫ್’ ಎಂಬ ಶಬ್ದಗಳ ಕೊನೆಯಲ್ಲಿ ಬರೆಯುವುದು ‘ಜಿ’ ಮತ್ತು ‘ಎಚ್’, ಉಚ್ಚರಿಸುವುದು ಫಕಾರ. ಅಲ್ಲಿ ಹಿಂದೆ ಗಂಟಲಿನ ಸದ್ದಿತ್ತು. ಇಂಗ್ಲಿಷ್ ನಾಲಿಗೆ ಅದನ್ನು ಕಳೆದುಕೊಂಡಾಗ ಕೆಲವು ಕಡೆ ಅದು ತುಟಿಗೆ ಜಾರಿ ಫ ಆಯಿತು, ಇನ್ನು ಕೆಲವು ಕಡೆ ಪೂರ್ತಿ ಮೌನವಾಯಿತು. ಐರಿಷ್ ಹೆಸರಿನ ಖಕಾರಕ್ಕೂ ಇದೇ ಗತಿ. ಮೌನವಾದ ಕಡೆ ಮ್ಯಾಕ್‌ಮರೋ ಬಂತು, ತುಟಿಗೆ ಜಾರಿದ ಕಡೆ ಮರ್ಫಿ. ನಮ್ಮ ಪಡಸಾಲೆಯ ರೇಡಿಯೊ ಮೇಲೆ ನಾನು ಬೆರಳಿಟ್ಟು ಕೇಳಿದ ಆ ಎರಡು ಅಕ್ಷರಗಳ ಜಾಗದಲ್ಲಿ ಒಂದು ಭಾಷೆಯ ಸದ್ದು ಹೂತುಹೋಗಿತ್ತು.

ಆಮೇಲೆ ‘ಓ’ ಕೂಡ ಬಿತ್ತು. ಅದನ್ನು ಬಿಡಿ ಎಂದು ಇಡೀ ದ್ವೀಪಕ್ಕೆ ಆಜ್ಞೆ ಮಾಡಿದ ಕಾನೂನು ಯಾವುದೂ ಇಲ್ಲ. ಆಜ್ಞೆ ಬೇಕಾಗಿಯೂ ಇರಲಿಲ್ಲ. 1695ರಿಂದ ಮೊದಲಾದ ದಂಡಶಾಸನಗಳ ಕಾಲದಲ್ಲಿ ಕ್ಯಾಥೊಲಿಕರು ಜಮೀನು ಕೊಳ್ಳುವಂತಿಲ್ಲ, ಸರಕಾರಿ ಹುದ್ದೆ ಹಿಡಿಯುವಂತಿಲ್ಲ, 1728ರ ನಂತರ ಮತ ಹಾಕುವಂತೆಯೂ ಇಲ್ಲ. ಓ, ಮಾಕ್‌ಗಳು ಸೋತವರ ಗುರುತಾದವು. ಜನ ತಾವಾಗಿಯೇ ಅವನ್ನು ಕಳಚಿಟ್ಟರು. 1845ರಲ್ಲಿ ಆಲೂಗಡ್ಡೆಗೆ ಅಂಗಮಾರಿ ಬಂತು. ಬಡವರ ಊಟವೆಂದರೆ ಅದೊಂದೇ ಆಗಿದ್ದ ನಾಡಿನಲ್ಲಿ ಮುಂದಿನ ಏಳು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ಹಡಗು ಹತ್ತಿದರು. ಐರಿಷ್ ಮಾತಾಡುವವರೇ ಹೆಚ್ಚಾಗಿದ್ದ ಬಡ ಸೀಮೆಗಳಿಗೇ ಹೊಡೆತ ಹೆಚ್ಚು. 1851ರ ಜನಗಣತಿಯಲ್ಲಿ ಸುಮಾರು 15 ಲಕ್ಷವಿದ್ದ ಐರಿಷ್ ಭಾಷಿಕರು 1891ಕ್ಕೆ 7 ಲಕ್ಷಕ್ಕಿಂತ ಕೆಳಗಿಳಿದರು. ಇಂಗ್ಲಿಷ್ ಆಡುಮಾತಿನಲ್ಲಿ ಆಲೂಗಡ್ಡೆಗೇ ‘ಮರ್ಫಿ’ ಎಂಬ ಹೆಸರು ಅಂಟಿತ್ತು. ಕಡಲ ಕಲಿಯ ಹೆಸರು ಒಂದು ಗಡ್ಡೆಯ ಹೆಸರಾಗಿ, ಆ ಗಡ್ಡೆ ಕೊಳೆತಾಗ ಹೆಸರಿನವರೂ ಸತ್ತ ಈ ಸಂಗತಿಯನ್ನು ಓದಿದ ದಿನ ನನಗೆ ಮುಂದಿನ ಪುಟ ತಿರುವಲಾಗಲಿಲ್ಲ.

1894ರಲ್ಲಿ ರಾಬರ್ಟ್ ಮ್ಯಾಥೆಸನ್ ಎಂಬ ನೋಂದಣಿ ಅಧಿಕಾರಿ 1890ರ ಜನನಗಳ ಲೆಕ್ಕ ಹಿಡಿದು ಐರ್ಲೆಂಡಿನ ಅಡ್ಡಹೆಸರುಗಳ ವರದಿ ಕೊಟ್ಟರು. ಮೊದಲ ಸ್ಥಾನ ಮರ್ಫಿಗೆ. ಅಂದಾಜು 62,600 ಜನ. ಎರಡನೆಯದು ಕೆಲಿ. ಇಷ್ಟು ಮಂದಿಯಾದಾಗ ಕಾರ್ಕ್, ವೆಕ್ಸ್‌ಫರ್ಡ್ ಸೀಮೆಗಳಲ್ಲಿ ಅಡ್ಡಹೆಸರು ಯಾರನ್ನೂ ಗುರುತಿಸದಾಯಿತು. ಹಳ್ಳಿಗರು ಮತ್ತೆ ಹಳೆಯ ದಾರಿಗೆ ಬಂದರು. ಕೆಂಪು ಕೂದಲಿನ ಮನೆಯವರು, ಬಿಳಿ ಕೂದಲಿನವರು, ದೊಡ್ಡ ಆಳಿನವರು ಎಂದು ಕರೆದರು. ಐರಿಷ್ ಉಳಿದ ಹಳ್ಳಿಗಳಲ್ಲಿ ಇಂದಿಗೂ ಒಬ್ಬನನ್ನು ಅವನ ಅಪ್ಪ, ಅಜ್ಜರ ಹೆಸರು ಸೇರಿಸಿ ಗುರುತಿಸುತ್ತಾರೆ. ಹೆಪ್ಪುಗಟ್ಟಿದ ಹೆಸರಿನ ಕೆಳಗೆ ಹಳೆಯ ಹರಿವು ನಿಂತಿರಲಿಲ್ಲ.

ಮನೆತನದ ಮೂಲ ನೆಲದಲ್ಲಿ ಹೆಸರಿನ ಅರ್ಥವೂ ಸತ್ತಿರಲಿಲ್ಲ. 1798ರ ದಂಗೆಯಲ್ಲಿ ವೆಕ್ಸ್‌ಫರ್ಡ್ ಎದ್ದು ನಿಂತಾಗ ಬೂಲವೋಗ್ ಊರಿನ ಪಾದ್ರಿ ಜಾನ್ ಮರ್ಫಿ ಮುಂದಾಳಾದರು. ಮೊದಲು ಜನರಿಗೆ ಆಯುಧ ಒಪ್ಪಿಸಿಬಿಡಿ ಎಂದು ಹೇಳಿದ್ದವರು ಅವರೇ. ಮೇ 27ರಂದು ಊಲರ್ಟ್ ಗುಡ್ಡದ ಮೇಲೆ ಈಟಿ ಹಿಡಿದ ರೈತರು ಅವರ ಜೊತೆ ನಿಂತು ಸರಕಾರಿ ತುಕಡಿಯನ್ನು ಸೋಲಿಸಿದರು. ಜೂನ್ 21ರಂದು ವಿನೆಗರ್ ಹಿಲ್‌ನಲ್ಲಿ ದಂಗೆ ಮುರಿದುಬಿತ್ತು. ಜುಲೈ 2ರಂದು ಟಲ್ಲೋ ಎಂಬಲ್ಲಿ ಅವರನ್ನು ಗಲ್ಲಿಗೇರಿಸಿದರು. ಆರ್ಕ್ಲೋ ಕದನದಲ್ಲಿ ಬಿದ್ದ ಇನ್ನೊಬ್ಬ ಪಾದ್ರಿ ಮೈಕೇಲ್ ಕೂಡ ಮರ್ಫಿಯೇ.

ಹೆಸರನ್ನು ಮರಳಿ ಪಡೆಯುವ ಮಾತು ಎದ್ದದ್ದು ಹತ್ತಿರ ಹತ್ತಿರ ನೂರು ವರ್ಷ ಕಳೆದ ಮೇಲೆ. 1892ರ ನವೆಂಬರಿನಲ್ಲಿ ಡಗ್ಲಸ್ ಹೈಡ್ ಡಬ್ಲಿನ್ನಿನಲ್ಲಿ ಒಂದು ಉಪನ್ಯಾಸ ಕೊಟ್ಟು, ಐರಿಷ್ ಜನ ತಮ್ಮ ಓ, ಮಾಕ್‌ಗಳನ್ನೂ ತಮ್ಮ ಮಕ್ಕಳ ಹೆಸರುಗಳನ್ನೂ ನಾಚಿಕೆಯಿಂದ ಕೈಬಿಟ್ಟದ್ದನ್ನು ನೇರವಾಗಿ ಎತ್ತಿ ಆಡಿದರು. ಮರುವರ್ಷ ಗೇಲಿಕ್ ಲೀಗ್ ಹುಟ್ಟಿತು. ಹಳ್ಳಿ ಹಳ್ಳಿಗಳಲ್ಲಿ ಭಾಷೆಯ ತರಗತಿಗಳು ನಡೆದವು. 1905ರಲ್ಲಿ ಡೊನೆಗಾಲ್ ಸೀಮೆಯ ನೀಲ್ ಮಾಕ್ ಗಿಲ್ಲ ವ್ರೀಡ ಎಂಬ ಕವಿಯ ಮೇಲೆ ಒಂದು ಮೊಕದ್ದಮೆ ಹೂಡಲಾಯಿತು. ಗಾಡಿಯ ಮೇಲೆ ಮಾಲೀಕನ ಹೆಸರು ಓದುವಂತೆ ಬರೆಸಿರಬೇಕು ಎಂದು ಕಾನೂನಿತ್ತು. ಅವರು ಬರೆಸಿದ್ದರು, ಆದರೆ ಐರಿಷ್‌ನಲ್ಲಿ. ದಂಡ ಬಿತ್ತು. ಮೇಲ್ಮನವಿಯಲ್ಲಿ ಅವರ ಪರ ನಿಂತ ವಕೀಲರಲ್ಲಿ ಒಬ್ಬ ತರುಣನ ಹೆಸರು ಪ್ಯಾಟ್ರಿಕ್ ಪಿಯರ್ಸ್; 1916ರ ದಂಗೆಯ ಮುಂದಾಳಾಗಿ ಗುಂಡಿಗೆ ಎದೆಯೊಡ್ಡಲಿದ್ದವರು. ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು. ತನ್ನ ದೇಶದಲ್ಲಿ, ತನ್ನ ಗಾಡಿಯ ಮೇಲೆ, ತನ್ನ ಭಾಷೆಯಲ್ಲಿ ಬರೆದ ತನ್ನದೇ ಹೆಸರು ಕಾನೂನಿನ ಕಣ್ಣಿಗೆ ಹೆಸರಾಗಿರಲಿಲ್ಲ.

ಆದರೂ ಜನ ಬಿಡಲಿಲ್ಲ. 1911ರ ಜನಗಣತಿಯ ಹಾಳೆಗಳನ್ನು ಕೆಲವರು ಐರಿಷ್‌ನಲ್ಲೇ ತುಂಬಿಕೊಟ್ಟರು. ಸಲಿವನ್, ಕಾನರ್, ನೀಲ್ ಎಂದಿದ್ದವರು ನಿಧಾನವಾಗಿ ಓ’ಸಲಿವನ್, ಓ’ಕಾನರ್, ಓ’ನೀಲ್ ಆದರು. ಈ ‘ಓ’ದ ಮುಂದಿನ ಮೇಲ್ಗೊಕ್ಕೆ ಇಂಗ್ಲಿಷಿನ ಕೊಡುಗೆ, ಐರಿಷ್‌ನಲ್ಲಿ ಅದಿಲ್ಲ, ಓಕಾರದ ದೀರ್ಘವನ್ನು ತೋರಿಸುವ ಒಂದು ಗೀಟು ಮಾತ್ರ ಇದೆ. ಸ್ವತಂತ್ರ ಐರ್ಲೆಂಡಿನ ಮೊದಲ ಮುಖ್ಯ ವಂಶಾವಳಿ ಅಧಿಕಾರಿ ಎಡ್ವರ್ಡ್ ಮ್ಯಾಕ್‌ಲೈಸಟ್ ಐರಿಷ್ ಅಡ್ಡಹೆಸರುಗಳ ಅಧ್ಯಯನಕ್ಕೇ ಬಾಳನ್ನು ಮುಡಿಪಿಟ್ಟವರು. ಹುಟ್ಟುವಾಗ ಅವರೂ ಬರೀ ಲೈಸಟ್. ‘ಮ್ಯಾಕ್’ ಅವರೇ ಮರಳಿ ತಂದುಕೊಂಡದ್ದು. ಓ ಮುರಖದ ಮನೆತನದ ಹಿರಿಯ ಕವಲು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮರ್ಫಿಯನ್ನು ಬಿಟ್ಟು ಓ’ಮೊರಖೋ ಎಂಬ ಹಳೆಯ ರೂಪಕ್ಕೆ ಹಿಂತಿರುಗಿತು. ಆದರೆ ಉಳಿದ ಮರ್ಫಿಗಳು ‘ಓ’ ಸೇರಿಸಿಕೊಳ್ಳಲಿಲ್ಲ. ಓ’ಮರ್ಫಿ ಎಂಬವರು ಇಂದಿಗೂ ಅಪರೂಪ. ಶಾಲೆಯಲ್ಲಿ, ಐರಿಷ್ ಮಾತಾಡುವ ಕಡೆ ಅವರು ಓ ಮುರಖೂ. ಬ್ಯಾಂಕಿನಲ್ಲಿ, ಅಂಗಡಿಯ ಫಲಕದಲ್ಲಿ ಮರ್ಫಿ. ಎರಡು ಹೆಸರುಗಳ ನಡುವೆ ಓಡಾಡುವುದು ಅವರಿಗೆ ರೂಢಿಯಾಗಿದೆ.

ಹೊರದೇಶದ ಮರ್ಫಿಗಳ ಪಾಡು ಬೇರೆ. ಅಮೆರಿಕ, ಆಸ್ಟ್ರೇಲಿಯಾದಲ್ಲಿ ಹುಟ್ಟಿ ಬೆಳೆದವರು ಮುತ್ತಜ್ಜನ ಊರು ಹುಡುಕಿಕೊಂಡು ಡಬ್ಲಿನ್ನಿಗೆ ಬರುತ್ತಾರೆ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ವಾರದಲ್ಲೇ, ಅಲ್ಲಿನ ಫೋರ್ ಕೋರ್ಟ್ಸ್ ಕಟ್ಟಡದ ದಾಖಲೆ ಭಂಡಾರ ಸ್ಫೋಟಗೊಂಡು ಉರಿದುಹೋಯಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳಲ್ಲಿ ಹೆಚ್ಚಿನ ಪಾಲು ಬೂದಿಯಾಯಿತು. ಮುಂದಿನ ನಾಲ್ಕು ಜನಗಣತಿಯ ಹಾಳೆಗಳನ್ನು ಸರಕಾರವೇ ನಾಶ ಮಾಡಿತ್ತು. ಪೂರ್ತಿಯಾಗಿ ಉಳಿದ ಅತ್ಯಂತ ಹಳೆಯ ಗಣತಿ 1901ರದ್ದು. ಅದಕ್ಕೂ ಹಿಂದೆ ಹೋಗಬೇಕಾದವರು ಬರಗಾಲದ ಮತ್ತು ಅದರ ನಂತರದ ವರ್ಷಗಳಲ್ಲಿ ಜಮೀನಿನ ತೆರಿಗೆಗಾಗಿ ಬರೆದ ಗ್ರಿಫಿತ್ ಮೌಲ್ಯಮಾಪನದ ಪುಟ ತಿರುವುತ್ತಾರೆ. ಅಲ್ಲಿ ಅವರಿಗೆ ಸಿಗುವುದು ಇಂಥ ಹಳ್ಳಿಯಲ್ಲಿ ಇಷ್ಟು ಎಕರೆ, ಇಷ್ಟು ಮೌಲ್ಯ, ಗುಮಾಸ್ತನ ಅಕ್ಷರದಲ್ಲಿ ಒಂದು ‘ಮರ್ಫಿ’. ಸಾವಿರಾರು ಮರ್ಫಿಗಳ ನಡುವೆ ಅದು ತಮ್ಮವನೇ ಎಂದು ಹೇಳುವ ಗುರುತು ಬೇರೆ ಇರುವುದಿಲ್ಲ.

ಅಡ್ಡಹೆಸರಿನ ಅರ್ಥ ಹೇಳುವ ಪುಸ್ತಕಗಳು ‘ಮರ್ಫಿ ಎಂದರೆ ಕಡಲ ಯೋಧ’ ಎಂದು ಒಂದು ಸಾಲಿನಲ್ಲಿ ಮುಗಿಸುತ್ತವೆ. ಅದು ನಿಜವೇ. ಆದರೆ ಅದು ಒಬ್ಬ ಅಜ್ಜನ ಹೆಸರಿನ ಅರ್ಥ. ಮೊಮ್ಮಕ್ಕಳು ಪಟ್ಟದ್ದು ಅದರಲ್ಲಿಲ್ಲ. ಅದನ್ನು ತಿಳಿಯಬೇಕಾದರೆ ಹೆಸರು ಯಾರ ಬಾಯಿಂದ ಹೊರಟಿತು, ಯಾರ ಕಿವಿಗೆ ಬಿತ್ತು, ಯಾರ ಲೇಖನಿ ಅದನ್ನು ಕಾಗದಕ್ಕಿಳಿಸಿತು ಎಂದು ಕೇಳಬೇಕು.

ಅಪ್ಪ ಈಗಿಲ್ಲ. ರೇಡಿಯೊ ಮಾತು ನಿಲ್ಲಿಸಿ ಎಷ್ಟೋ ವರ್ಷವಾಯಿತು, ಗೂಡಿನಲ್ಲಿ ಹಾಗೇ ಇದೆ. ತಮ್ಮ ಹೆಸರನ್ನು ಅವರು ಹೇಗೆ ಬರೆದರೆ ಹಾಗೆ ಎಂದು ಅವನು ಹೇಳಿದ್ದು ಆ ಹೆಸರಿನ ಮಟ್ಟಿಗೆ ತಪ್ಪಾಗಿತ್ತು. ಆದರೆ ಡೊನೆಗಾಲಿನ ಆ ಗಾಡಿಯ ಮಾಲೀಕ ನ್ಯಾಯಾಲಯದಲ್ಲಿ ಕೇಳಿದ್ದು ಇದನ್ನೇ, ಇಷ್ಟನ್ನೇ. ಹೋದ ದೀಪಾವಳಿಗೆ ಊರಿಗೆ ಹೋದಾಗ ಪೆಟ್ಟಿಗೆಯ ದೂಳು ಒರೆಸಿದೆ. ಅಣ್ಣನ ಮೊಮ್ಮಗಳು ಪಕ್ಕದಲ್ಲಿ ನಿಂತು ಆರೂ ಅಕ್ಷರಗಳನ್ನು ಓದಿ, “ಮರ್ಫಿ ಅಂದ್ರ ಏನಜ್ಜಾ?” ಅಂದಳು. ಅವಳ ಇಂಗ್ಲಿಷ್ ಪುಸ್ತಕದಲ್ಲಿ ಆ ಗಂಟಲಿನ ಸದ್ದಿಗೆ ಅಕ್ಷರವಿಲ್ಲ. ಪಾಟಿಯ ಮೇಲೆ ಕನ್ನಡದಲ್ಲಿ ‘ಓ ಮುರಖೂ’ ಎಂದು ಬರೆದೆ. ಖಕಾರವನ್ನು ಗಂಟಲಿನಿಂದ ತೆಗೆಯುವುದು ಹೇಗೆಂದು ಹೇಳಿಕೊಟ್ಟೆ. ಎರಡು ಸಲ ತಪ್ಪಿ ಮೂರನೆಯ ಸಲ ಅವಳಿಗೆ ಬಂತು.